ಎಂ-ಸ್ಯಾಂಡ್ ಪ್ಲಾಂಟಿಗೆ ಹಾಕೋ ಪಾಲಿ ಪೌಡರ್: ಬಳಸಿ ನೋಡಿ ಅನ್ಸಿದ್ದು

ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸೋ ಮರಳು) ವಾಷಿಂಗ್ ಪ್ಲಾಂಟ್ ನಡೆಸ್ತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ನಮ್ಮ ಪ್ಲಾಂಟು ಚಿಕ್ಕಬಳ್ಳಾಪುರದ ಕಡೆ. ಥಿಕ್ನರ್ ಟ್ಯಾಂಕಿಗೆ, ಅಂದ್ರೆ ಮರಳು ತೊಳೆದ ರಾಡಿ ನೀರಿನ ಕೆಸರು ತಳಕ್ಕೆ ಇಳಿಸೋ ಟ್ಯಾಂಕಿಗೆ, ಬಳಸ್ತಿರೋದು ಆನಯಾನಿಕ್ (ನೆಗೆಟಿವ್ ಚಾರ್ಜ್ ಇರೋ) ಪಾಲಿಅಕ್ರಿಲಮೈಡ್, 25 ಕೆಜಿ ಚೀಲದಲ್ಲಿ ಬರೋ ಬಿಳಿ ಪೌಡರು, ಸೈಟಲ್ಲಿ ಎಲ್ರೂ ಪಾಲಿ ಅಂತಾನೇ ಕರೀತಾರೆ. ಮಾಲು ತುಂಬಾ ಚೆನ್ನಾಗಿದೆ, ಆದ್ರೆ ಕಲಸೋದು ಸರಿ ಇಲ್ಲ ಅಂದ್ರೆ ದುಡ್ಡು ನೀರಿಗೆ ಹಾಕ್ದಂಗೆ.

ಮೊದ್ಲು ಇದು ಯಾಕೆ ಬೇಕು ಅಂತ ಹೇಳ್ತೀನಿ. ಮರಳು ತೊಳೆದ ನೀರಲ್ಲಿ 75 ಮೈಕ್ರಾನಿಗಿಂತ ಸಣ್ಣ ಕಲ್ಲಿನ ಧೂಳು ತುಂಬಿರುತ್ತೆ, ಆ ಕಣಗಳ ಮೇಲೆಲ್ಲ ಒಂದೇ ತರದ ನೆಗೆಟಿವ್ ಚಾರ್ಜ್ ಇರೋದ್ರಿಂದ ಒಂದನ್ನೊಂದು ದೂರ ತಳ್ತಾ ಇರ್ತವೆ, ಗುಂಡಿಯಲ್ಲಿ ಎಷ್ಟು ಹೊತ್ತು ಬಿಟ್ರೂ ನೀರು ಹಾಲಿನ ಬಣ್ಣದಲ್ಲೇ ಇರುತ್ತೆ. ಪಾಲಿ ಅಣು ಅಂದ್ರೆ ಬಹಳ ಉದ್ದದ ಸರಪಳಿ, ಅಣುತೂಕ ಒಂದು ಕೋಟಿ ದಾಟೋ ಗ್ರೇಡುಗಳೇ ಜಾಸ್ತಿ, ಒಂದೊಂದು ಸರಪಳಿ ಹತ್ತಾರು ಕಣ ಹಿಡ್ಕೊಂಡು ಗಂಟು ಮಾಡಿ ಕೆಳಗೆ ಎಳ್ಕೊಂಡು ಹೋಗುತ್ತೆ. ಪಾಲಿನೂ ನೆಗೆಟಿವ್ವೇ ಆದ್ರೂ, ಬೋರ್‌ವೆಲ್ ಗಡಸು ನೀರಲ್ಲಿರೋ ಪಾಸಿಟಿವ್ ಕ್ಯಾಲ್ಸಿಯಂ ನಡುವೆ ಸೇತುವೆ ತರ ನಿಂತು ಇದಕ್ಕೆ ಇನ್ನೂ ಸಹಾಯ ಮಾಡುತ್ತೆ. ಮೇಲೆ ತಿಳಿ ನೀರು ಉಕ್ಕಿ ಬಂದು ವಾಪಸ್ ವಾಷಿಂಗ್‌ಗೇ ಹೋಗುತ್ತೆ. ಬೋರ್ ಕೊರೆಸಿ ಕೊರೆಸಿ ಸುಸ್ತಾಗಿರೋ ನಮ್ಮ ಕಡೆ ಅಷ್ಟು ನೀರು ಉಳಿಯೋದು ಸಣ್ಣ ವಿಷಯ ಅಲ್ಲ, ಸುತ್ತಲಿನ ತೋಟದೋರಿಗೂ ಅದೇ ಬೋರ್ ನೀರೇ ಗತಿ.

ಕಲಸೋ ವಿಚಾರಕ್ಕೆ ಬರೋಣ, ಎಲ್ಲಾ ಆಟ ಇಲ್ಲೇ ಇರೋದು. 1000 ಲೀಟರ್ ನೀರಿಗೆ 1 ಕೆಜಿ, ಅಂದ್ರೆ 0.1%. ನೀರು ತಿರುಗ್ತಾ ಇರುವಾಗ ಸುಳಿ ಮೇಲೆ ಸ್ವಲ್ಪ ಸ್ವಲ್ಪ ಉದುರಿಸ್ಬೇಕು, ಚೀಲ ಎತ್ತಿ ಸುರಿದ್ರೆ ಹೊರಗಡೆ ಜೆಲ್ಲಿ, ಒಳಗಡೆ ಒಣ ಪುಡಿ ಇರೋ ಉಂಡೆ ಆಗುತ್ತೆ, ಎಷ್ಟು ತಿರುಗ್ಸಿದ್ರೂ ಕರಗಲ್ಲ, ಕೊನೆಗೆ ಡೋಸಿಂಗ್ ಪಂಪಲ್ಲಿ ಸಿಕ್ಕಾಕೊಳುತ್ತೆ. ಪೌಡರ್ ಹಾಕಿದ್ಮೇಲೆ ಸುಮಾರು ಒಂದು ಗಂಟೆ ನಿಧಾನಕ್ಕೆ ತಿರುಗ್ಬೇಕು, ಬೆರಳು ಅದ್ದಿ ಎತ್ತಿದ್ರೆ ನೂಲು ಎಳೆ ತರ ಬಂತು ಅಂದ್ರೆ ರೆಡಿ. ಕಲಸಿದ್ದನ್ನ ಫಾಸ್ಟ್ ಸೆಂಟ್ರಿಫ್ಯೂಗಲ್ ಪಂಪಲ್ಲಿ ಮಾತ್ರ ಕಳಿಸ್ಬೇಡಿ, ಸರಪಳಿ ತುಂಡಾಗಿ ಶಕ್ತಿನೇ ಹೋಗುತ್ತೆ, ಸ್ಕ್ರೂ ಪಂಪ್ ಒಳ್ಳೇದು.

ಡೋಸ್ ಎಷ್ಟು ಅಂತ ಡೀಲರ್ ಹೇಳಿದ್ದು ನಂಬೋದಕ್ಕಿಂತ ನೀವೇ ನೋಡಿ. ಒಂದು ಲೀಟರ್ ಗಾಜಿನ ಜಾರಲ್ಲಿ ನಿಮ್ಮ ರಾಡಿ ನೀರು ತಗೊಂಡು 0.1% ದ್ರಾವಣ ಸಿರಿಂಜಲ್ಲಿ 1 ಎಂಎಲ್ ಬಿಡಿ, ಅದು 1 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ) ಆಯ್ತು, ಇನ್ನೊಂದು ಜಾರಿಗೆ 2, ಇನ್ನೊಂದಕ್ಕೆ 3, ನಿಧಾನಕ್ಕೆ ಕದಡಿ ಪಕ್ಕಪಕ್ಕ ಇಟ್ರೆ ಕಣ್ಣೆದುರೇ ಹಿಂಜಿದ ಹತ್ತಿ ತರ ಗಂಟುಗಳು ಕಟ್ಟಿ ಇಳಿಯೋದು ಕಾಣುತ್ತೆ. ಜಾಸ್ತಿ ಹಾಕಿದ್ರೆ ಬೇಗ ಆಗುತ್ತೆ ಅನ್ನೋದು ಸುಳ್ಳು, ಮಿಕ್ಕಿದ್ದು ತಿಳಿ ನೀರಲ್ಲೇ ಸುತ್ತುತ್ತೆ, ಕೆಸರು ಹಿಂಡೋ ಫಿಲ್ಟರ್ ಪ್ರೆಸ್ ಬಟ್ಟೆ ಕಟ್ಕೊಳುತ್ತೆ.

ಬೇಜಾರಾಗಿದ್ದೂ ಇದೆ. ನಮಗೆ ಬರೋ ಚೀಲದ ಮೇಲೆ ಆನಯಾನಿಕ್ ಅಂತ ಮಾತ್ರ ಇದೆ, ಚಾರ್ಜ್ ಪರ್ಸೆಂಟ್ ಎಷ್ಟು, ಅಣುತೂಕ ಎಷ್ಟು ಏನೂ ಇಲ್ಲ, ಕೇಳಿದ್ರೆ ಡೀಲರ್ ಸರ್ ಅದೇ ಮಾಲು ಸರ್ ಅಂತಾರೆ. ಇದು ತಪ್ಪು. ಎಸ್‌ಟಿಪಿ (ಚರಂಡಿ ನೀರು ಶುದ್ಧ ಮಾಡೋ ಘಟಕ) ಕೆಸರು ಹಿಂಡೋದಕ್ಕೆ ಸಾಮಾನ್ಯವಾಗಿ ಕ್ಯಾಟಯಾನಿಕ್, ಅಂದ್ರೆ ಪಾಸಿಟಿವ್ ಚಾರ್ಜ್ ಇರೋದು ಬೇಕು, ರಾಜಸ್ಥಾನದ ಬಾರ್ಮೇರ್ ಕಡೆ ಮಂಗಳಾ ಅನ್ನೋ ತೈಲ ಕ್ಷೇತ್ರದಲ್ಲಿ ಇದೇ ಜಾತಿ ಪಾಲಿಮರನ್ನ ನೀರು ದಪ್ಪ ಮಾಡಿ ಎಣ್ಣೆ ತಳ್ಳೋದಕ್ಕೆ ನೆಲದೊಳಗೆ ಬಿಡ್ತಾರೆ, ಪೇಪರ್ ಮಿಲ್ಲಿಗೆ ಮತ್ತೊಂದು ಗ್ರೇಡು. ಎಲ್ಲಾ ಬಿಳಿ ಪುಡಿನೇ, ಲೇಬಲ್ ಸರಿ ಇಲ್ದಿದ್ರೆ ನಾವು ಹೇಗೆ ಗುರುತು ಹಿಡಿಯೋದು?

ಹುಡುಗ್ರ ಸೇಫ್ಟಿ ದಯವಿಟ್ಟು ನೋಡ್ಕೊಳಿ. ಪಾಲಿಮರ್ ಅಷ್ಟೇನೂ ವಿಷ ಅಲ್ಲ, ಆದ್ರೆ ಅದನ್ನ ತಯಾರು ಮಾಡೋ ಅಕ್ರಿಲಮೈಡ್ ನರಗಳಿಗೆ ಕೆಟ್ಟದ್ದು, ಚೂರು ಉಳ್ಕೊಂಡಿರಬಹುದು, ಅದಕ್ಕೇ ಮಾಸ್ಕು ಗ್ಲೌಸು ಬೇಕೇ ಬೇಕು. ಪೌಡರ್ ನೆಲಕ್ಕೆ ಚೆಲ್ಲಿದ್ರೆ ನೀರು ಹಾಕಿ ತೊಳೀಬೇಡಿ, ಕಾಲಿಟ್ಟರೆ ಜಾರಿ ಬೀಳೋದು ಗ್ಯಾರಂಟಿ, ಮೊದ್ಲು ಒಣ ಪೊರಕೆಲಿ ಗುಡಿಸಿ, ಆಮೇಲೆ ಮರಳು ಎರಚಿ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು, ಒಂದು ಕಟ್ ಮಾಡಿದ್ದು ಲೇಬಲ್‌ಗೆ. ಮಳೆಗಾಲದಲ್ಲಿ ಜಾಸ್ತಿ ಸ್ಟಾಕ್ ತರಿಸ್ಬೇಡಿ, ತೇವಕ್ಕೆ ಗಟ್ಟಿ ಆಗುತ್ತೆ, ಬಿಚ್ಚಿದ ಚೀಲ ಪ್ಲಾಸ್ಟಿಕ್ ಡ್ರಮ್ಮಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿಡಿ.