ಉಳಿಸು, ಅಳಿಸು ಮತ್ತು ಬ್ರ್ಯಾಂಡ್ ಬಣ್ಣ: ಉಬುಂಟು, ಮಿಂಟ್, ಫೆಡೋರಾ ಬಳಸಿ ನೋಡಿದ ಮೇಲೆ

ಉಬುಂಟು, ಮಿಂಟ್, ಫೆಡೋರಾ ಮೂರೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಬೇರೆ ಬೇರೆ ರೂಪಗಳು, ಇವನ್ನು ಡಿಸ್ಟ್ರೋ ಅನ್ನುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಫೆಡೋರಾ. ಕಾರಣ ವೇಗವಲ್ಲ, ಒಂದು ಗುಂಡಿಯ ಬಣ್ಣ.

ಹೋದ ವರ್ಷ ಹದಿನೆಂಟು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಅಂಗಡಿಯವರೇ ಲಿನಕ್ಸ್ ಹಾಕಿ, ತಮ್ಮ ಲೋಗೋ, ತಮ್ಮ ಕೆಂಪು ಥೀಮ್ ಕೂರಿಸಿ ಕೊಟ್ಟಿದ್ದರು. ನೋಡೋಕೆ ಚೆನ್ನಾಗೇ ಇತ್ತು. ನಾನು ಕಂಪ್ಯೂಟರನ್ನು ಕನ್ನಡದಲ್ಲೇ ಇಟ್ಟುಕೊಳ್ಳುತ್ತೇನೆ. ಒಂದು ಗುಂಡಿ ‘ಉಳಿಸು’, ಪಕ್ಕದ್ದು ‘ಅಳಿಸು’. ಮೊದಲ ಅಕ್ಷರ ಬಿಟ್ಟರೆ ಎರಡೂ ಒಂದೇ ಅಲ್ವಾ? ಲಿನಕ್ಸ್‌ನಲ್ಲಿ ಪರದೆಯ ಕಿಟಕಿ, ಗುಂಡಿಗಳನ್ನೆಲ್ಲ ತೋರಿಸುವ ಗ್ನೋಮ್ ಎಂಬ ತಂತ್ರಾಂಶದ ಮೂಲ ವಿನ್ಯಾಸದಲ್ಲಿ ಮುಂದುವರಿಯುವ ಗುಂಡಿ ನೀಲಿ, ಇದ್ದದ್ದನ್ನು ಕಳೆಯುವ ಗುಂಡಿ ಕೆಂಪು, ಹಾಗಾಗಿ ಅಕ್ಷರ ಓದುವ ಮೊದಲೇ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಈ ಥೀಮಿನಲ್ಲಿ ಎರಡೂ ಕೆಂಪು.

ಅಮ್ಮನನ್ನು ಫೋನಿನಲ್ಲಿ ಕೇಳಿ ಕೇಳಿ ಬರೆದುಕೊಂಡಿದ್ದ ಸಾರಿನ ಪುಡಿ, ಮೆಂತ್ಯದ ಹಿಟ್ಟಿನ ಅಳತೆಗಳೆಲ್ಲ ಒಂದೇ ಟಿಪ್ಪಣಿಯಲ್ಲಿದ್ದವು. ರಾತ್ರಿ ಹನ್ನೊಂದಕ್ಕೆ, ನಿದ್ದೆಗಣ್ಣಲ್ಲಿ, ‘ಉಳಿಸು’ ಅಂದುಕೊಂಡು ಪಕ್ಕದ್ದನ್ನು ಒತ್ತಿದೆ. ಟಿಪ್ಪಣಿ ಹೋಯಿತು. ಅಮ್ಮನಿಗೆ ಮತ್ತೆ ಫೋನ್ ಮಾಡಿ ಎಲ್ಲ ಮೊದಲಿಂದ ಬರೆದುಕೊಂಡೆ.

2019ರಲ್ಲಿ ಗ್ನೋಮ್ ಆಪ್ ಮಾಡುವವರು ಹಲವರು ಸೇರಿ, ‘ನಮ್ಮ ಆಪ್‌ಗಳಿಗೆ ದಯವಿಟ್ಟು ನಿಮ್ಮ ಥೀಮ್ ಹಾಕಬೇಡಿ’ ಎಂದು ಡಿಸ್ಟ್ರೋಗಳಿಗೆ ಬಹಿರಂಗ ಪತ್ರ ಬರೆದಿದ್ದರು. ಆಗ ನನಗದು ಬರೀ ಹಟ ಅನ್ನಿಸಿತ್ತು. ಈಗ ಪೂರ್ತಿ ಅವರ ಕಡೆ ಇದ್ದೇನೆ.

ಆಮೇಲೆ ಉಬುಂಟು, ಮಿಂಟ್, ಫೆಡೋರಾ ಮೂರನ್ನೂ ಒಂದೊಂದು ತಿಂಗಳು ಬಳಸಿದೆ.

ಉಬುಂಟು 24.04 ‘ಯಾರು’ (Yaru) ಎಂಬ ತನ್ನದೇ ಥೀಮ್ ಹಾಕಿಕೊಂಡಿದೆ. ಕಿತ್ತಳೆ ಬಣ್ಣ, ಎಡಗಡೆ ಆಪ್‌ಗಳ ಪಟ್ಟಿ (ಡಾಕ್), ದೂರದಿಂದಲೇ ಗುರುತು ಸಿಗುತ್ತದೆ. ಕಿತ್ತಳೆ ಬೇಡ ಅಂದರೆ ಸೆಟ್ಟಿಂಗ್ಸ್‌ನಲ್ಲೇ ಬದಲಿಸಬಹುದು, 22.04ರಿಂದ ಈ ಅನುಕೂಲ ಇದೆ. ಒಳ್ಳೆಯ ಕೆಲಸ.

ಮಿಂಟ್ 22ರ ದಾರಿ ಬೇರೆ. ಗ್ನೋಮ್‌ನ ಹೊಸ ಆಪ್‌ಗಳು ಮಿಂಟ್ ಥೀಮಿಗೆ ಹೊಂದುವುದಿಲ್ಲ ಅಂತ, ಕ್ಯಾಲ್ಕುಲೇಟರ್, ಕ್ಯಾಲೆಂಡರ್‌ನಂಥವನ್ನು ಹಳೆಯ ಜಿಟಿಕೆ3 (ಆಪ್‌ನ ಕಿಟಕಿ, ಗುಂಡಿ ಕಟ್ಟುವ ಸಾಧನ) ಆವೃತ್ತಿಗೇ ವಾಪಸ್ ತಂದರು. ಎಲ್ಲ ಒಂದೇ ಥರ ಕಾಣಲಿ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ರೂಪಕ್ಕಾಗಿ ಹಳೆಯ ಆಪ್‌ನಲ್ಲೇ ಉಳಿಯುವುದು ನನಗೆ ಒಗ್ಗಲಿಲ್ಲ.

ಫೆಡೋರಾ ತನ್ನ ಗುರುತನ್ನು ವಾಲ್‌ಪೇಪರಿನ ಮೂಲೆಗೆ ಒಂದು ಸಣ್ಣ ಲೋಗೋ ಆಗಿ ಇಟ್ಟು, ಆಪ್‌ಗಳನ್ನು ಅವುಗಳ ಪಾಡಿಗೆ ಬಿಟ್ಟಿದೆ. ಥೀಮ್ ಗ್ನೋಮ್‌ನದ್ದೇ. ಅದರ ಹೆಸರು ಅದ್ವೈತ, ಹೌದು, ನಮ್ಮ ಅದ್ವೈತವೇ. ನಾನು ಕಿಟಕಿಗಳನ್ನು ಪೂರ್ತಿ ತೆರೆದೇ ಕೆಲಸ ಮಾಡುವುದರಿಂದ ಆ ಲೋಗೋ ಕಣ್ಣಿಗೆ ಬೀಳುವುದೇ ಅಪರೂಪ. ತೊಂದರೆ ಒಂದೇ, ಒಂದು ಆವೃತ್ತಿಗೆ ಸುಮಾರು 13 ತಿಂಗಳಷ್ಟೇ ಅಪ್‌ಡೇಟ್ ಸಿಗುತ್ತದೆ, ವರ್ಷಕ್ಕೊಮ್ಮೆ ಹೊಸದಕ್ಕೆ ಹೋಗಲೇಬೇಕು. ನನಗದು ಅಭ್ಯಾಸವಾಗಿದೆ.

ಅಪ್ಪನ ಹಳೇ ಕಂಪ್ಯೂಟರಿಗೆ ಮಾತ್ರ ಮಿಂಟ್ ಹಾಕಿಕೊಟ್ಟೆ. ಎಡಗಡೆ ಕೆಳಮೂಲೆಯಲ್ಲಿ ಮೆನು ಇರಬೇಕು, ಅವರು ಕೇಳಿದ್ದು ಅಷ್ಟೇ. 2029ರವರೆಗೆ ಅಪ್‌ಡೇಟ್ ಬರುತ್ತದೆ.