ದಾಳಿಂಬೆ ಬುಡದ ಹೊದಿಕೆಗೆ ಪ್ಲಾಸ್ಟಿಕ್ ಶೀಟಾ, ಹುರುಳಿಯಾ, ತೆಂಗಿನ ಮಟ್ಟೆಯಾ?

ನನ್ನ ಓಟು ತೆಂಗಿನ ಮಟ್ಟೆಗೆ, ಅಂದರೆ ಕಾಯಿ ಸುಲಿದ ಸಿಪ್ಪೆಗೆ. ಶೀಟಿಗೆ ದುಡ್ಡು ಹಾಕಿ ನೊಂದವನು ನಾನು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಹಿರಿಯೂರು ಕಡೆ, ಎರಡು ಎಕರೆ ಭಗ್ವಾ ತಳಿಯ ದಾಳಿಂಬೆ. ಇಲ್ಲಿ ಮಳೆಯನ್ನು ಈಗ ನಂಬೋ ಹಾಗೇ ಇಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಮರುವರ್ಷವೇ ಬರ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾಯಿತು. ಬೋರಿನಿಂದ ಎತ್ತಿದ ನೀರು ಬುಡದಲ್ಲೇ ಉಳಿಯಬೇಕಾದರೆ ಹೊದಿಕೆ ಬೇಕೇ ಬೇಕು, ಅಲ್ವಾ?

2022ರ ಡಿಸೆಂಬರಿನಲ್ಲಿ ಒಂದು ಎಕರೆಗೆ 100 ಮೈಕ್ರಾನ್ ದಪ್ಪದ ಶೀಟ್ ಹಾಸಿದೆ. ಶೀಟಿಗೇ 22 ಸಾವಿರ, ಕೂಲಿ ಬೇರೆ. ಕಳೆ ನಿಂತಿತು, ಅದು ನಿಜ.

ತೊಂದರೆ ಶುರುವಾಗಿದ್ದು ಡ್ರಿಪ್ಪರಿನಿಂದ, ಅಂದರೆ ಹನಿ ನೀರಾವರಿ ಪೈಪಿನಲ್ಲಿ ನೀರು ತೊಟ್ಟಿಕ್ಕುವ ಬಾಯಿಯಿಂದ. ನಮ್ಮ ಬೋರಿನದು ಗಡಸು ನೀರು, ಡ್ರಿಪ್ಪರ್ ಬಾಯಿಗೆ ಉಪ್ಪು ಕಟ್ಟುತ್ತಲೇ ಇರುತ್ತದೆ. ಮೊದಲೆಲ್ಲ ಬೆಳಿಗ್ಗೆ ಸಾಲಿನಲ್ಲಿ ಒಂದು ಸುತ್ತು ಹೋದರೆ ಸಾಕು, ಒಣಗಿದ ನೆಲ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಶೀಟ್ ಹಾಸಿದ ಮೇಲೆ ಎಲ್ಲ ಮುಚ್ಚಿಹೋಯಿತು. ಮೇ ತಿಂಗಳಲ್ಲಿ ಒಂದು ಸಾಲಿನ ಎಲೆ ಬಾಡಿದ್ದು ಕಂಡು ಶೀಟ್ ಎತ್ತಿದೆ. ಮಣ್ಣು ಬೂದಿಯ ಹಾಗೆ ಪುಡಿಪುಡಿ. ಡ್ರಿಪ್ಪರ್ ಬಿಚ್ಚಿದರೆ ಒಳಗೆ ಸಕ್ಕರೆ ಕಾಳಿನಂಥ ಬಿಳಿ ಹರಳು. ಅದನ್ನು ಕೆರೆದು ತೆಗೆದು, ಗಿಡ ಒಣಗಿದೆಯಲ್ಲ ಅಂತ ಸಂಕಟಪಟ್ಟು ಎರಡು ಗಂಟೆ ಜಾಸ್ತಿ ನೀರು ಬಿಟ್ಟೆ. ಅದೇ ತಪ್ಪಾಯಿತು. ಒಣಗಿದ ಬುಡಕ್ಕೆ ಒಮ್ಮೆಲೇ ನೀರು ಬಿದ್ದರೆ ದಾಳಿಂಬೆ ಬಿರಿಯುತ್ತದೆ. ಒಂದೇ ವಾರದಲ್ಲಿ ಆ ಸಾಲಿನ ಹಣ್ಣೆಲ್ಲ ಸೀಳಿ, ಒಳಗಿನ ಕಾಳು ಕಾಣುತ್ತಿತ್ತು. ಕೊಯ್ಲಿಗೆ ಇನ್ನೊಂದು ತಿಂಗಳಿತ್ತು ಅಷ್ಟೇ.

ಹುರುಳಿಯನ್ನು ಅರ್ಧ ಎಕರೆಯಲ್ಲಿ ಸಾಲುಗಳ ನಡುವೆ ಚೆಲ್ಲಿದ್ದೆ. ಬರದಲ್ಲಿ ಮೊಳಕೆಯೇ ಸರಿಯಾಗಿ ಬರಲಿಲ್ಲ. ಮಳೆ ಬಂದ ವರ್ಷ ಮಾತ್ರ ಮಣ್ಣು ಕೊಚ್ಚಿಹೋಗದ ಹಾಗೆ ಚೆನ್ನಾಗಿ ಹಿಡಿದುಕೊಂಡಿತು, ಹೂ ಬಿಡುವಾಗ ಕೊಯ್ದು ಬುಡಕ್ಕೆ ಹಾಕಿದೆ.

ಉಳಿದ ಅರ್ಧ ಎಕರೆಗೆ ಮಟ್ಟೆ. ತೆಂಗು ನಮ್ಮದೇ ಇದೆ, ಹಾಗಾಗಿ ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಖರ್ಚು. ಬೋರಲು ಹಾಕಿ ಒತ್ತಾಗಿ ಜೋಡಿಸಬೇಕು, ಕಾಂಡದಿಂದ ಒಂದು ಗೇಣು ಜಾಗ ಬಿಡಬೇಕು. ಡ್ರಿಪ್ಪರ್ ಮೇಲೆ ಅನುಮಾನ ಬಂದರೆ ಒಂದು ಮಟ್ಟೆ ಎತ್ತಿ ನೋಡಿದರಾಯಿತು. ನಾಲ್ಕು ದಿನ ಕರೆಂಟ್ ಕೈಕೊಟ್ಟಾಗಲೂ ಅಡಿಯ ಮಣ್ಣು ಉಂಡೆ ಕಟ್ಟುವಷ್ಟು ಹಸಿ ಇತ್ತು. ಗೆದ್ದಲು ಬರುತ್ತದೆ. ಚೇಳೂ ಸೇರಿಕೊಳ್ಳುತ್ತವೆ, ಬರಿಗೈ ಹಾಕಬೇಡಿ, ಕೋಲಿನಲ್ಲಿ ಮಗುಚಿ.

ದಿನಾ ತೋಟಕ್ಕೆ ಹೋಗದವರು, ನೀರು ಸಿಹಿ ಇರುವವರು ಶೀಟ್ ಹಾಕಿಸಬಹುದೇನೋ. ನನಗೆ ದಿನಾ ಬೆಳಿಗ್ಗೆ ಬುಡ ಮುಟ್ಟಿ ನೋಡಲೇಬೇಕು, ಮಟ್ಟೆಯೂ ಮನೆಯದೇ. ಶೀಟಿನ ಸಾಲುಗಳಿಗೂ ಈಗ ಮಟ್ಟೆಯೇ ಹಾಕುತ್ತಿದ್ದೇನೆ. ಹರಿದ ಪ್ಲಾಸ್ಟಿಕ್ ಚೂರುಗಳನ್ನು ಮಾತ್ರ ಮಣ್ಣಿನಿಂದ ಇನ್ನೂ ಆಯುತ್ತಲೇ ಇದ್ದೇವೆ.