ಬುಡಕ್ಕೆ ಟೇಪ್ ಸುತ್ತಿದ್ದನ್ನೆಲ್ಲ ಕಸಿ ಗಿಡ ಅಂತ ನಂಬಬೇಡಿ

ಈ ವರ್ಷ ನಮ್ಮ ಹಿತ್ತಲಿನ ‘ಬಾದಾಮಿ’ ಮಾವಿನ ಮರ ಮೊದಲ ಸಲ ಕಾಯಿ ಬಿಟ್ಟಿತು. ಒಟ್ಟು ಹನ್ನೊಂದು. ಅತ್ತೆ ಒಂದನ್ನು ಅಕ್ಕಿ ಡಬ್ಬದಲ್ಲಿಟ್ಟು ಹಣ್ಣು ಮಾಡಿ, ಎಲ್ಲರನ್ನೂ ಕೂರಿಸಿಕೊಂಡು ಹೆಚ್ಚಿದರು. ನಿಂಬೆಹಣ್ಣಿಗಿಂತ ತುಸು ದೊಡ್ಡದು. ಒಳಗೆಲ್ಲ ಓಟೆ, ಸುತ್ತ ನಾರು, ಹಲ್ಲು ಚುಳ್ ಅನ್ನುವ ಹುಳಿ. ಈ ಗಿಡಕ್ಕೆ 2019ರ ಜೂನ್‌ನಲ್ಲಿ ನಾವು ಕೊಟ್ಟಿದ್ದು 2,800 ರೂಪಾಯಿ.

ಸೀರೆ ಬಣ್ಣ ಬಿಟ್ಟರೆ ಮೊದಲ ಒಗೆತಕ್ಕೇ ಗೊತ್ತಾಗುತ್ತದೆ. ಗಿಡ ಹಾಗಲ್ಲ. ಮೋಸ ತಿಳಿಯುವ ಹೊತ್ತಿಗೆ ಮಾರಿದವನ ಫೋನ್ ನಂಬರೇ ಇರುವುದಿಲ್ಲ. ಮಳೆಗಾಲದಲ್ಲಿ ಗಿಡ ಕೊಳ್ಳುವವರು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನಲ್ಲಿ 40-60 ಸೈಟು. ಮನೆ ಕಟ್ಟಿದ ಮೇಲೆ ಹಿಂದೆ ಹದಿನೆಂಟು ಅಡಿ ಜಾಗ ಉಳಿದಿತ್ತು. ಲ್ಯಾಂಡ್‌ಸ್ಕೇಪ್ ಮಾಡುತ್ತೇನೆ ಅಂತ ಒಬ್ಬ ಬಂದು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದ. ಲಾನ್, ಐದು ದೊಡ್ಡ ಗಿಡ, ಕಾಂಪೌಂಡ್ ಉದ್ದಕ್ಕೂ ಹಸಿರು ಗೋಡೆ, ಒಂದು ಲೋಡ್ ಕೆಂಪು ಮಣ್ಣು, ಎಲ್ಲ ಸೇರಿ 72,000. ಅರ್ಧ ಅಡ್ವಾನ್ಸ್. ಬಿಲ್ ಕೇಳಿದರೆ ಕೆಲಸ ಮುಗಿಯಲಿ ಅಂದ. ಪುಟ್ಟ ಸಸಿ ನೆಟ್ಟು ಯಾರು ಕಾಯುತ್ತಾರೆ, ಬೆಳೆದ ಗಿಡವನ್ನೇ ತಂದು ನಿಲ್ಲಿಸೋಣ ಅಂತ ನಮ್ಮ ಆಸೆ. ಬಿದ್ದಿದ್ದು ಅಲ್ಲೇ.

“ಕಡಿಯಂ ಮಾಲು ಮೇಡಂ” ಅಂದ. ಆಂಧ್ರದ ರಾಜಮಹೇಂದ್ರವರಂ ಹತ್ತಿರದ ಕಡಿಯಂ ನರ್ಸರಿಗಳಿಗೇ ಹೆಸರಾದ ಊರು, ಅದು ನಿಜ. ಆದರೆ ನಮ್ಮ ಟೆಂಪೋದಲ್ಲಿ ಬಂದಿದ್ದು ಅಲ್ಲಿಂದಲೋ ಯಾರದೋ ಬೇಲಿಯಿಂದಲೋ ತಿಳಿಯಲು ಒಂದು ಚೂರು ಕಾಗದ ಇರಲಿಲ್ಲ.

ಮಾವಿನ ಗಿಡ ಏಳಡಿ ಇತ್ತು. ಬುಡದಲ್ಲಿ ಹಸಿರು ಟೇಪ್. ಕಸಿ ಅಂದರೆ ಓಟೆಯಿಂದ ಹುಟ್ಟಿದ ನಾಟಿ ಗಿಡಕ್ಕೆ ಒಳ್ಳೆಯ ತಳಿಯ ಕಡ್ಡಿ ಜೋಡಿಸಿ ಟೇಪ್ ಸುತ್ತುವುದು. ನಮ್ಮ ಮಾವನವರು ಮಂಡ್ಯ ಕಡೆಯವರು, ಬೇಸಾಯ ಮಾಡಿದವರು. “ಟೇಪ್ ಬಿಚ್ಚಿ ನೋಡಮ್ಮ” ಅಂದರು. ಅವನು “ಬಿಚ್ಚಿದರೆ ಕಸಿ ಬಿಟ್ಟುಕೊಳ್ಳತ್ತೆ ಯಜಮಾನ್ರೇ” ಅಂದ. ನಾನೂ ಅವನ ಪರವೇ ಮಾತಾಡಿದೆ. ಇಂಜಿನಿಯರಿಂಗ್ ಓದಿದವಳು ನಾನು!

ಆಮೇಲೆ ತಿಳಿದದ್ದು: ಕಸಿ ಕೂಡಿಕೊಂಡ ಮೇಲೆ ಟೇಪ್ ಬಿಚ್ಚಲೇಬೇಕು, ಇಲ್ಲದಿದ್ದರೆ ಕಾಂಡ ದಪ್ಪವಾಗುತ್ತಾ ಟೇಪ್ ಅದನ್ನೇ ಬಿಗಿಯುತ್ತದೆ. ಏಳಡಿ ಗಿಡದಲ್ಲಿ ಹೊಸ ಟೇಪ್ ಇದೆ ಅಂದರೇ ಅನುಮಾನ ಪಡಬೇಕಿತ್ತು. ನಿಜವಾದ ಕಸಿ ಗಿಡದಲ್ಲಿ ಮಣ್ಣಿನಿಂದ ಸುಮಾರು ಒಂದು ಗೇಣು ಮೇಲೆ ಜೋಡಿಸಿದ ಗುರುತು ಕಾಣುತ್ತದೆ. ಅಲ್ಲಿ ಸ್ವಲ್ಪ ಉಬ್ಬಿರುತ್ತದೆ, ಮೇಲಿನ ತೊಗಟೆಗೂ ಕೆಳಗಿನದಕ್ಕೂ ವ್ಯತ್ಯಾಸ ಇರುತ್ತದೆ. ನಮ್ಮದರ ಟೇಪ್ ಕೆಳಗೆ ಕೋಲಿನಂತೆ ನುಣುಪಾದ ಕಾಂಡ. ಓಟೆಯಿಂದ ಹುಟ್ಟಿದ ಗಿಡ ಅದು. ಗುರುತು ಇದ್ದರೂ ಇನ್ನೊಂದು ನೋಡಿ, ಕೊಂಬೆಗಳು ಜೋಡಣೆಯ ಮೇಲಿಂದ ಬಂದಿರಬೇಕು. ಕಸಿ ಕಡ್ಡಿ ಸತ್ತು ಕೆಳಗಿನ ನಾಟಿ ಗಿಡವೇ ಚಿಗುರಿ ನಿಂತಿದ್ದನ್ನೂ ಮಾರುತ್ತಾರೆ.

ಹಲಸಿನ ಕತೆ ಬೇಗ ಮುಗಿಯಿತು. ಚೀಟಿಯಲ್ಲಿ ‘ಸಿದ್ದು ಹಲಸು’ ಅಂತ ಇತ್ತು. ತುಮಕೂರು ಜಿಲ್ಲೆಯ ಆ ಕೆಂಪು ತೊಳೆ ಹಲಸಿಗೆ ಹೆಸರು ಬಂದ ಮೇಲೆ ಚೀಟಿ ಬರೆಯುವುದಕ್ಕೇನು ಕಷ್ಟ? ಇಪ್ಪತ್ತೇ ದಿನದಲ್ಲಿ ಎಲೆ ಉದುರಿತು. ಕಿತ್ತು ನೋಡಿದರೆ ಹೆಬ್ಬೆರಳು ದಪ್ಪದ ತಾಯಿಬೇರನ್ನು ಕಡಿದು, ಕವರಿಗೆ ತುರುಕಿ ಮಣ್ಣು ಮೆತ್ತಿದ್ದರು. ಕಾಂಡ ಹಿಡಿದು ಅಲ್ಲಾಡಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಕವರಿನಲ್ಲೇ ಬೆಳೆದ ಗಿಡ ಮಣ್ಣಿನ ಸಮೇತ ಅಲ್ಲಾಡುತ್ತದೆ, ತುರುಕಿದ್ದು ಕಾಂಡ ಮಾತ್ರ ಅಲ್ಲಾಡುತ್ತದೆ.

ಕೆಂಪು ಮಣ್ಣಿನ ಲೋಡು ಸಂಜೆ ಕತ್ತಲಲ್ಲಿ ಬಂತು. ಬೆಳಿಗ್ಗೆ ನೋಡಿದರೆ ಮೇಲೊಂದು ಪದರ ಕೆಂಪು, ಒಳಗೆ ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ. ಅದಕ್ಕಿಂತ ದೊಡ್ಡ ಉಡುಗೊರೆ ಜೇಕು ಅನ್ನುವ ಕಳೆಯ ಗಡ್ಡೆ. ಮೊದಲ ಮಳೆಗೇ ಲಾನ್ ತುಂಬ ಜೇಕು. ಕಿತ್ತಷ್ಟೂ ಕೆಳಗಿನ ಗಡ್ಡೆಯಿಂದ ಮತ್ತೆ ಬರುತ್ತದೆ. ಅತ್ತೆ ಎರಡು ವರ್ಷ ಕುಕ್ಕುರುಗಾಲಲ್ಲಿ ಕೂತು ಕಿತ್ತರು. ಕೊನೆಗೆ ಲಾನ್ ಆಸೆ ಬಿಟ್ಟು ಕಲ್ಲು ಹಾಸಿಸಿದೆವು. ಮಣ್ಣು ಹಗಲು ಹೊತ್ತಿನಲ್ಲೇ ಇಳಿಸಿಕೊಳ್ಳಿ, ಗುದ್ದಲಿ ಹಾಕಿ ಒಳಗೆ ನೋಡಿ.

ಆ ‘ಹಸಿರು ಗೋಡೆ’ ಅಂದರೆ ಕೊನೋಕಾರ್ಪಸ್ ಅನ್ನುವ ಗಿಡಗಳ ಸಾಲು. ಬೇಗ ಬೆಳೆಯಿತು, ನಿಜ. ನಾಲ್ಕನೇ ವರ್ಷ ಬಚ್ಚಲು ನೀರು ಕಟ್ಟಿಕೊಂಡಿತು. ಚೇಂಬರ್ ತೆಗೆಸಿದರೆ ಪೈಪಿನೊಳಗೆ ಜಡೆಯಂತೆ ಬೇರು. ಗುಜರಾತಿನಲ್ಲಿ 2023ರಲ್ಲಿ ಈ ಗಿಡ ನೆಡುವುದನ್ನೇ ನಿಷೇಧಿಸಿದ್ದಾರೆ ಅಂತ ಆಮೇಲೆ ಓದಿದೆ. ಪ್ಲಂಬರ್‌ಗೆ ಕೊಟ್ಟ ದುಡ್ಡು ಕೇಳಬೇಡಿ.

ಉಳಿದ ಮೂರರಲ್ಲಿ ಸಪೋಟ ಒಂದು ಚೆನ್ನಾಗಿದೆ, ಸುಳ್ಳು ಹೇಳಬಾರದು.

ಹಲಸು ಹೋದ ಜಾಗಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಆಮ್ರಪಾಲಿ ಮಾವಿನ ಕಸಿ ಗಿಡ ತಂದೆವು. ಎರಡೇ ಅಡಿ ಇತ್ತು, ಆದರೆ ರಸೀದಿ ಇತ್ತು. ಮರ ಹೆಚ್ಚು ಹರಡುವುದಿಲ್ಲ, ಸಣ್ಣ ಹಿತ್ತಲಿಗೆ ಸರಿ. ಮೂರು ಅಡಿ ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ ಮಾವನವರೇ ನಿಂತು ನೆಡಿಸಿದರು. ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲೂ ಕಸಿ ಗಿಡ ಸಿಗುತ್ತದೆ. ಮಳೆಗೆ ಮುಂಚೆಯೇ ವಿಚಾರಿಸಿ, ಬೇಗ ಖಾಲಿಯಾಗುತ್ತದೆ.

ಹುಳಿ ಮಾವನ್ನು ಕಡಿಸಬೇಕು ಅಂತ ನಮ್ಮ ಯಜಮಾನರ ಹಟ. ಅತ್ತೆ ಮಾತ್ರ ಮಾವಿನಕಾಯಿ ಚಿತ್ರಾನ್ನಕ್ಕೆ ಇದಕ್ಕಿಂತ ಒಳ್ಳೆ ಕಾಯಿ ಇಲ್ಲ ಅನ್ನುತ್ತಾರೆ. ಮಾವನವರು ನಡುವೆ ಒಂದು ದಾರಿ ಹೇಳಿದ್ದಾರೆ: ಕೊಂಬೆ ಕಡಿದು, ಬಂದ ಚಿಗುರಿಗೆ ಒಳ್ಳೆಯ ಬಾದಾಮಿ ಕಡ್ಡಿ ತಂದು ಕಸಿ ಕಟ್ಟಿಸುವುದು. ಕಟ್ಟುವವರನ್ನು ಅವರೇ ಹುಡುಕುತ್ತಿದ್ದಾರೆ. ಆ ಕೆಲಸ ನನಗೆ ಒಪ್ಪಿಸಿಲ್ಲ.